ಕಾಂಡದಲ್ಲೇ ಹೂ ಬಿಡುವ ನಾಗಲಿಂಗ: ಜಾಗ ನೋಡುವುದರಿಂದ ಮೊದಲ ಹೂವಿನವರೆಗೆ

ಆರು ವರ್ಷ ನೀರು ಹೊತ್ತು ಸಾಕಿದ ಮರದ ಮೊದಲ ಹೂಗೊಂಚಲನ್ನು ನಾನೇ ಮಚ್ಚು ತಗೊಂಡು ಸವರಿ ಹಾಕಿದ್ದೆ. ಕಾಂಡದ ಮೇಲೆ ಅಲ್ಲಲ್ಲಿ ಬೆರಳು ದಪ್ಪದ ಸೊಟ್ಟ ಕಡ್ಡಿಗಳು ಎದ್ದಿದ್ದವು. ಒಂದು ಎಲೆಯಿಲ್ಲ, ಒಂದು ಚಿಗುರಿಲ್ಲ. ಒಣಗಿದ ಪುಳ್ಳೆ ಅಂದುಕೊಂಡೆ. ಬುಡದಿಂದ ಆಳೆತ್ತರದವರೆಗೆ ಕಾಂಡ ನುಣ್ಣಗೆ ಮಾಡಿ, ಕಡ್ಡಿಗಳನ್ನು ನೀರೊಲೆಗೆ ಹಾಕಿ, ಒಳ್ಳೇ ಕೆಲಸ ಆಯ್ತು ಅಂತ ಟೀ ಕುಡಿದೆ. ಮುಂದಿನ ವಾರ ಎಳನೀರಿಗೆಂದು ತೋಟಕ್ಕೆ ಬಂದ ಈಶ್ವರನ ಗುಡಿ ಪೂಜಾರಪ್ಪ ಮರ ನೋಡಿದವರೇ ನಿಂತುಬಿಟ್ಟರು. "ಏನಪ್ಪಾ, ಹೂ ಬಿಡೋ ಕಡ್ಡೀನೇ ಸವರಿಬಿಟ್ಟಿದೀಯಲ್ಲ!"

ಆಮೇಲೆ ಇನ್ನೊಂದು ವರ್ಷ ಕಾದೆ. ನೀವು ಹಾಗೆ ಕಾಯಬೇಕಾಗಿಲ್ಲ. ನಾಗಲಿಂಗ ಬೆಳೆಸುವುದು ನಿಜಕ್ಕೂ ಕಷ್ಟದ ಕೆಲಸವಲ್ಲ. ಎರಡೇ ವಿಷಯದಲ್ಲಿ ಜನ ಎಡವುತ್ತಾರೆ. ಒಂದು, ನೆಡುವ ಜಾಗ. ಇನ್ನೊಂದು, ನಾನು ಮಾಡಿದ ಈ ಮಚ್ಚಿನ ಕೆಲಸ. ಉಳಿದದ್ದೆಲ್ಲ ಒಂದು ಮಾವಿನ ಸಸಿ ಸಾಕಿದಷ್ಟೇ.

ಮೊದಲು ಮರದ ಪರಿಚಯ

ಹೂವನ್ನು ನೀವು ನೋಡಿಯೇ ಇರುತ್ತೀರಿ. ಗುಡಿಯಲ್ಲಿ ಲಿಂಗದ ಮೇಲೆ ಒಂದೇ ಒಂದು ಇಟ್ಟಿದ್ದರೂ ಗರ್ಭಗುಡಿ ತುಂಬ ವಾಸನೆ. ಅಂಗೈ ಅಗಲದ ಹೂ, ದಪ್ಪ ದಪ್ಪ ಆರು ಎಸಳು. ಎಸಳಿನ ಒಳಮೈ ಗುಲಾಬಿ ಕೆಂಪು, ಹೊರಮೈ ಹಳದಿ ಕಲಸಿದ ಹಾಗೆ. ನಡುವೆ ಪುಟ್ಟ ಗುಬುಟು, ಅದರ ಸುತ್ತ ಕುಚ್ಚು, ಮೇಲೆ ಹೆಡೆ ಬಾಗಿಸಿದಂತೆ ಇನ್ನೊಂದು ಕುಚ್ಚು. ಗುಬುಟು ಲಿಂಗ, ಮೇಲಿನದು ನಾಗರ ಹೆಡೆ. ಹೆಸರು ಬಂದದ್ದು ಅಲ್ಲಿಂದ.

ಮರ ಮಾತ್ರ ನಮ್ಮ ಕಡೆಯದಲ್ಲ. ಇದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ, ಗಯಾನಾ ಮತ್ತು ಅಮೆಜಾನ್ ಸೀಮೆಯ ಮಳೆಕಾಡು. ಫ್ರಾನ್ಸಿನ ಸಸ್ಯಶಾಸ್ತ್ರಿ ಓಬ್ಲೆ 1775ರಲ್ಲಿ ಇದಕ್ಕೆ ಕೌರೂಪಿಟಾ ಗಯಾನೆನ್ಸಿಸ್ ಅಂತ ಹೆಸರಿಟ್ಟ. ಬ್ರೆಜಿಲ್ ನಟ್ ಕೊಡುವ ಮರವೂ ಇದೇ ಕುಟುಂಬದ್ದು. ಕಾಯಿ ಫಿರಂಗಿ ಗುಂಡಿನ ಹಾಗಿರುವುದರಿಂದ ಇಂಗ್ಲಿಷಿನಲ್ಲಿ ಕ್ಯಾನನ್‌ಬಾಲ್ ಟ್ರೀ. ಹೊರಗಿನಿಂದ ಬಂದ ಮರ ಇಷ್ಟು ಬೇಗ ಶಿವನ ಮರವಾಗಿ ಕೂತಿತಲ್ಲ, ಅದು ಹೂವಿನ ಮಹಿಮೆ. ಶ್ರೀಲಂಕಾದಲ್ಲಿ ಇದನ್ನೇ ಬುದ್ಧನ ಸಾಲವೃಕ್ಷ ಅಂದುಕೊಂಡು ವಿಹಾರಗಳ ಅಂಗಳದಲ್ಲಿ ನೆಟ್ಟಿದ್ದಾರೆ. ಪುದುಚೇರಿಯ ರಾಜ್ಯಪುಷ್ಪವೂ ಇದೇ.

ಬೆಂಗಳೂರಿನವರು ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಒಮ್ಮೆ ಈ ಮರದ ಹತ್ತಿರ ನಿಂತು ನೋಡಿ ಬನ್ನಿ. ಸಸಿ ಕೊಳ್ಳುವ ಮೊದಲೇ ನೋಡಿ. ಚಿತ್ರದಲ್ಲಿ ಹೂ ಮಾತ್ರ ಕಾಣುತ್ತದೆ, ಮರದ ಗಾತ್ರ ಗೊತ್ತಾಗುವುದಿಲ್ಲ. ತವರಿನ ಕಾಡಿನಲ್ಲಿ 35 ಮೀಟರ್‌ವರೆಗೂ ಹೋಗುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ತೆಂಗಿನ ಮರದ ಎತ್ತರಕ್ಕೆ ಆರಾಮಾಗಿ ಬೆಳೆಯುತ್ತದೆ.

ಜಾಗ: ಇಲ್ಲಿ ಆತುರ ಬೇಡ

30x40 ಸೈಟಿನಲ್ಲಿ ಮನೆ ಕಟ್ಟಿ, ಗೇಟಿನ ಪಕ್ಕ ಉಳಿದ ಮೂರಡಿ ಮಣ್ಣಿನಲ್ಲಿ ನಾಗಲಿಂಗ ನೆಡುತ್ತೇನೆ ಅನ್ನುವವರಿಗೆ ನನ್ನದು ಒಂದೇ ಉತ್ತರ: ಬೇಡ. ಎಲೆ ಉದುರುತ್ತದೆ, ಬೇರು ಬರುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಮುಖ್ಯ ತೊಂದರೆ ಕಾಯಿಯದು. ಬಲಿತ ಕಾಯಿ ಫುಟ್‌ಬಾಲ್ ಗಾತ್ರದವರೆಗೂ ಇರುತ್ತದೆ, ಮರದಂಥ ಗಟ್ಟಿ ಚಿಪ್ಪು, ಕಿಲೋಗಟ್ಟಲೆ ತೂಕ. ತೆಂಗಿನಕಾಯಿಯ ಹಾಗೆ ಇದು ಇಂಥ ಹೊತ್ತಿಗೆ ಬೀಳುತ್ತದೆ ಅಂತ ಹೇಳುವಂತಿಲ್ಲ. ಕೆಳಗೆ ಸ್ಕೂಟರ್ ಇದ್ದರೆ ಟ್ಯಾಂಕು ಸೊಟ್ಟಗಾಗುತ್ತದೆ. ಮಗು ಆಡುತ್ತಿದ್ದರೆ? ಅದನ್ನು ನೆನೆಸಿಕೊಂಡೇ ಜಾಗ ಆರಿಸಿ.

ನಾನು ಜಾಗ ನೋಡುವಾಗ ಇಟ್ಟುಕೊಂಡ ಲೆಕ್ಕ ಹೀಗಿತ್ತು. ಮನೆ ಗೋಡೆಯಿಂದ ಕನಿಷ್ಠ 25 ಅಡಿ. ಬೇಲಿಯಿಂದ 15 ಅಡಿ, ಯಾಕಂದರೆ ಪಕ್ಕದವರ ಹೆಂಚಿನ ಮೇಲೆ ಕಾಯಿ ಬಿದ್ದರೆ ಜಗಳ ನಮ್ಮದೇ. ಮೇಲೆ ಕರೆಂಟು ತಂತಿ ಇರಬಾರದು. ಕೆಳಗೆ ನೀರಿನ ಪೈಪು, ಸಂಪು, ಪಿಟ್ಟು ಇರಬಾರದು. ದಿನಾ ಓಡಾಡುವ ದಾರಿ, ದನ ಕಟ್ಟುವ ಜಾಗ, ಒಕ್ಕಣೆ ಕಣ, ಇವು ಮೂರೂ ಅದರ ನೆರಳಿಗೆ ಬರಬಾರದು. ಇದಿಷ್ಟೂ ಕಳೆದು ಉಳಿದದ್ದು ತೋಟದ ಮೂಡಣ ಮೂಲೆ, ತೆಂಗಿನ ಸಾಲು ಮುಗಿದ ಮೇಲಿನ ಖಾಲಿ ಜಾಗ. ಅಲ್ಲೇ ನೆಟ್ಟೆ.

ಪಟ್ಟಣದಲ್ಲಿರುವವರು ಇನ್ನೊಂದು ವಿಷಯ ನೆನಪಿಡಿ. ತಪ್ಪು ಜಾಗದಲ್ಲಿ ನೆಟ್ಟು, ಹತ್ತು ವರ್ಷ ಆದ ಮೇಲೆ ಕಡಿಸೋಣ ಅಂದರೆ ಸುಮ್ನೆ ಆಗುವುದಿಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮದೇ ಜಾಗದ ಮರವಾದರೂ ಅನುಮತಿ ಕೇಳಬೇಕಾಗುತ್ತದೆ.

ಅಪಾಯದ ಮಾತಾಯಿತು, ಈಗ ಅಂದದ ಮಾತು. ಬೇರೆ ಮರದ ಹೂ ನೋಡಲು ತಲೆ ಎತ್ತುತ್ತೇವೆ. ಇದರ ಹೂ ಕಾಂಡದ ಮೇಲೆ, ಒಮ್ಮೊಮ್ಮೆ ಮೊಣಕಾಲಿನ ಮಟ್ಟದಿಂದಲೇ ಶುರುವಾಗುತ್ತದೆ. ಹಾಗಾಗಿ ಕಾಂಡ ಕಾಣಬೇಕು. ಜಗಲಿಯಲ್ಲಿ ಕೂತರೆ ಮರದ ಬುಡ ನೇರ ಕಣ್ಣಿಗೆ ಬೀಳುವ ಹಾಗಿದ್ದರೆ ಬಹಳ ಚೆಂದ. ಮುಂದೆ ದಾಸವಾಳದ ಪೊದೆ, ಕ್ರೋಟನ್ ಸಾಲು ಹಾಕಿ ಮುಚ್ಚಬೇಡಿ. ಕಾಂಡಕ್ಕೆ ಮನಿಪ್ಲಾಂಟ್, ಮೆಣಸಿನ ಬಳ್ಳಿ ಹಬ್ಬಿಸಬೇಡಿ. ವಾಸನೆ ಬೆಳಗಿನ ಜಾವ ಜೋರು. ಮಲಗುವ ಕೋಣೆಯ ಕಿಟಕಿಗೆ ಗಾಳಿ ಬರುವ ದಿಕ್ಕಿನಲ್ಲಿ ಮರ ಇದ್ದರೆ ಅಲಾರಂ ಬೇಡ.

ಬಿಸಿಲು ಪೂರ್ತಿ ಬೇಕು. ಮಣ್ಣು ಯಾವುದಾದರೂ ನಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೆ. ನಮ್ಮದು ತಿಪಟೂರು ಕಡೆ ಕೆಮ್ಮಣ್ಣು, ತೊಂದರೆ ಆಗಲಿಲ್ಲ. ಎರೆ ಭೂಮಿಯವರು ಎರಡಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಒಳ್ಳೆಯದು. ಕರಾವಳಿಯವರಿಗೆ ಚಿಂತೆಯೇ ಇಲ್ಲ, ಆ ಸೆಖೆ ಆ ಮಳೆ ಇದರ ತವರಿನದೇ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೀರಿನ ಏರ್ಪಾಡು ಇದ್ದರೆ ಮಾತ್ರ ಕೈ ಹಾಕಿ.

ಇಷ್ಟೆಲ್ಲ ಜಾಗ ಇಲ್ಲ, ಆದರೂ ಕಾಂಡದಲ್ಲಿ ಹೂ ಬಿಡುವ ಮರವೇ ಬೇಕು ಅನ್ನುವವರು ಸೀತಾ ಅಶೋಕ ನೆಡಿ. ನಮ್ಮ ಪಶ್ಚಿಮ ಘಟ್ಟದ್ದೇ ಮರ, ಸಾಧಾರಣ ಎತ್ತರ, ಬಲಿತ ರೆಂಬೆಗಳ ಮೇಲೇ ಕಿತ್ತಳೆ ಬಣ್ಣದ ಗೊಂಚಲು, ತಲೆ ಮೇಲೆ ಬೀಳುವಂಥದ್ದೇನೂ ಇಲ್ಲ. ಬಡಾವಣೆಗಳಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ "ಅಶೋಕ" ಇದಲ್ಲ, ಅದು ಬೇರೆಯೇ ಮರ.

ಸಸಿ ಕೊಳ್ಳುವುದಾದರೆ

ನರ್ಸರಿಯಲ್ಲಿ "ನಾಗ" ಅಂತ ಶುರುವಾಗುವ ಹೆಸರಿನಲ್ಲಿ ಗೊಂದಲ ಜಾಸ್ತಿ. ನಾಗಲಿಂಗ ಕೇಳಿದರೆ ನಾಗಸಂಪಿಗೆ ಕೊಟ್ಟು ಕಳಿಸುವುದುಂಟು. ನಾಗಸಂಪಿಗೆಯ ಎಳೆ ಎಲೆ ಕೆಂಪಗೆ, ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಎದುರುಬದುರು ಜೋಡಿಯಾಗಿ ಬರುತ್ತದೆ. ನಾಗಲಿಂಗದ ಎಲೆ ಅಗಲ, ಒಂದಾದ ಮೇಲೆ ಒಂದು ಬರುತ್ತದೆ, ತುದಿಯಲ್ಲಿ ಹೆಚ್ಚಾಗಿ ಗುಂಪುಗೂಡಿರುತ್ತದೆ. ಇಷ್ಟು ನೋಡಿದರೆ ಸಾಕು, ಮೋಸ ಹೋಗುವುದಿಲ್ಲ.

ಎರಡರಿಂದ ಮೂರಡಿ ಎತ್ತರದ ಸಸಿ ತಗೊಳ್ಳಿ. ಆರಡಿ ಸಸಿ ಇದೆ ಸರ್ ಅಂತ ತೋರಿಸಿದರೆ ಅದರ ಚೀಲ ನೋಡಿ. ಸಣ್ಣ ಚೀಲದಲ್ಲಿ ದೊಡ್ಡ ಸಸಿ ಇದ್ದರೆ ಒಳಗೆ ತಾಯಿಬೇರು ಸಿಂಬೆ ಸುತ್ತಿಕೊಂಡಿರುತ್ತದೆ. ಅಂಥದ್ದು ನೆಲಕ್ಕೆ ಹೋದ ಮೇಲೂ ವರ್ಷಗಟ್ಟಲೆ ಮಂಕಾಗಿರುತ್ತದೆ, ಗಾಳಿಗೆ ಬೇಗ ವಾಲುತ್ತದೆ.

ಬೀಜದಿಂದ ಬೆಳೆಸುವುದಾದರೆ

ನಾನು ಬೀಜದಿಂದಲೇ ಮಾಡಿದ್ದು. ಪೂಜಾರಪ್ಪನವರ ಪರಿಚಯದ ಇನ್ನೊಂದು ಊರಿನ ಗುಡಿ ಅಂಗಳದಲ್ಲಿ ದೊಡ್ಡ ಮರ ಇತ್ತು. ತಾನಾಗಿ ಬಿದ್ದ ಒಂದು ಕಾಯಿ ಗೋಣಿಚೀಲಕ್ಕೆ ಹಾಕಿ ಕೊಟ್ಟರು. ಚಿಪ್ಪಿನಲ್ಲಿ ಒಂದು ಸೀಳಿತ್ತು, ನಾನು ಗಮನಿಸಲಿಲ್ಲ. ಬಸ್ಸಿನಲ್ಲಿ ಕಾಲಬುಡದಲ್ಲಿಟ್ಟುಕೊಂಡು ಕೂತೆ. ಅರ್ಧ ಗಂಟೆಗೆ ಶುರುವಾಯಿತು. ಹಿಂದಿನ ಸೀಟಿನವರು ಕಿಟಕಿ ತೆಗೆದರು. ಮುಂದಿನ ಸೀಟಿನ ಅಜ್ಜಿ ಸೆರಗು ಮೂಗಿಗಿಟ್ಟುಕೊಂಡು "ಯಾರದಪ್ಪಾ ಅದು, ಕೋಳಿ ಸತ್ತೈತಾ?" ಅಂದರು. ಕಂಡಕ್ಟರು ಚೀಲ ಮುಟ್ಟಿ ನೋಡಿ, ಮುಂದಿನ ಸ್ಟಾಪಿನಲ್ಲಿ ನನ್ನನ್ನೂ ಅದನ್ನೂ ಇಳಿಸಿದರು. ತಪ್ಪು ಅವರದಲ್ಲ. ಹೂವಿಗೆ ಎಂಥ ಸುವಾಸನೆಯೋ ಕಾಯಿಗೆ ಅಂಥ ನಾತ. ಕಾಯಿ ತರುವುದಾದರೆ ಸೀಳಿಲ್ಲದ್ದು ನೋಡಿ ತನ್ನಿ, ಅಥವಾ ಅಲ್ಲೇ ಒಡೆದು ಬೀಜ ತೊಳೆದುಕೊಂಡು ಬನ್ನಿ.

ಕಾಯಿ ಮರದಿಂದ ಕೀಳಬೇಡಿ. ಹೂ ಕಾಯಾಗಿ ಬಲಿಯಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯುತ್ತದೆ, ಹೊರಗಿನಿಂದ ನೋಡಿದರೆ ಬಲಿತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತಾನಾಗಿ ಬಿದ್ದದ್ದೇ ಸರಿ.

ಒಡೆಯುವ ಕೆಲಸ ಮನೆಯ ಹಿತ್ತಲಿನಲ್ಲೂ ಬೇಡ, ತೋಟಕ್ಕೆ ಹೋಗಿ. ಹಳೇ ಬಟ್ಟೆ ಹಾಕಿಕೊಳ್ಳಿ. ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಎರಡೇಟು ಹಾಕಿದರೆ ಚಿಪ್ಪು ಬಿರಿಯುತ್ತದೆ. ಒಳಗಿನ ತಿರುಳು ಮೊದಲು ಬೆಳ್ಳಗಿರುತ್ತದೆ. ಗಾಳಿ ತಾಗಿದ ಮೇಲೆ ನೋಡ್ತಾ ನೋಡ್ತಾ ನೀಲಿ ಹಸಿರಿಗೆ ತಿರುಗುತ್ತದೆ. ಕೊಳೆತಿದೆ ಅಂತ ಎಸೆಯಬೇಡಿ, ಅದರ ಗುಣವೇ ಅದು. ದೊಡ್ಡ ಕಾಯಲ್ಲಿ 200-300 ಬೀಜ ಸಿಗುತ್ತದೆ. ಚಪ್ಪಟೆ ಬೀಜ, ಮೈ ಮೇಲೆ ಸಣ್ಣ ರೋಮ.

ತಿರುಳನ್ನು ಬಕೆಟ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಕೈಯಲ್ಲಿ ಕಿವುಚಿ, ಜರಡಿಯಲ್ಲಿ ಹಾಕಿ ನೀರು ಬಿಟ್ಟು ತೊಳೆಯಿರಿ. ಗ್ಲೌಸ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಊಟದ ಹೊತ್ತಿಗೆ ನನ್ನ ನೆನಪು ಮಾಡಿಕೊಳ್ಳುತ್ತೀರಿ. ತೊಳೆದ ಬೀಜ ನೆರಳಲ್ಲಿ ಒಂದೆರಡು ಗಂಟೆ ಆರಿದರೆ ಸಾಕು. ಬಿಸಿಲಿಗೆ ಹರವಿ ಒಣಗಿಸುವುದು, ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಪಾಡುವುದು, ಎರಡೂ ಬೇಡ. ಅವತ್ತೇ ಬಿತ್ತಿ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಕಲಸಿ ಟ್ರೇ ತುಂಬಿ. ಅರ್ಧ ಇಂಚು ಆಳಕ್ಕೆ ಬೀಜ ಇಡಿ. ನೆರಳುಪರದೆ ಕೆಳಗೋ ಮಾವಿನ ಮರದ ಕೆಳಗೋ ಇಟ್ಟು, ಮಣ್ಣು ಆರದಂತೆ ನೀರು ಚಿಮುಕಿಸಿ. ಎರಡು ವಾರ ಕಳೆದ ಮೇಲೆ ಒಂದೊಂದೇ ಏಳುತ್ತವೆ, ಕೆಲವು ತಿಂಗಳು ತಗೊಳ್ಳುತ್ತವೆ. ಎಲ್ಲ ಒಟ್ಟಿಗೆ ಬರಲಿಲ್ಲ ಅಂತ ಕೆದಕಿ ನೋಡಬೇಡಿ. ನಾನು 60 ಬೀಜ ಹಾಕಿದ್ದೆ, ಎದ್ದದ್ದು 40ರ ಹತ್ತಿರ. ಅದರಲ್ಲಿ ಒಂದು ಸಾಲು ಪೂರ್ತಿ ಕೋಳಿ ಕೆರೆದು ಹೋಯಿತು. ಟ್ರೇ ಮೇಲೆ ಒಂದು ಜಾಲರಿ ಮುಚ್ಚಿದ್ದರೆ ಉಳಿಯುತ್ತಿತ್ತು.

ನಾಲ್ಕು ಎಲೆ ಆದಾಗ ಒಂದೊಂದನ್ನೇ 6x8 ಇಂಚಿನ ಕಪ್ಪು ಚೀಲಕ್ಕೆ ಬದಲಾಯಿಸಿ. ಆಮೇಲೆ ನಿಧಾನಕ್ಕೆ ಬಿಸಿಲಿಗೆ ಅಭ್ಯಾಸ ಮಾಡಿಸಿ. ಮೊದಲು ಬೆಳಗಿನ ಬಿಸಿಲು, ತಿಂಗಳಾದ ಮೇಲೆ ಪೂರ್ತಿ. ಒಂದು ವರ್ಷಕ್ಕೆ ನೆಲಕ್ಕೆ ಇಳಿಸುವ ಎತ್ತರ ಬರುತ್ತದೆ. ಉಳಿದ ಸಸಿಗಳನ್ನು ಏನು ಮಾಡುವುದು ಅನ್ನುವ ಚಿಂತೆ ಬೇಡ, ಊರಿನ ಗುಡಿಗಳವರೇ ಬಂದು ಕೇಳಿಕೊಂಡು ಹೋಗುತ್ತಾರೆ. ಕೊಡುವಾಗ ಕಾಯಿ ಬೀಳುವ ಮಾತನ್ನೂ ಸೇರಿಸಿ ಹೇಳಿ ಕೊಡಿ. ಗುಡಿ ಅಂದರೆ ಜನ ಸೇರುವ ಜಾಗ.

ರೆಂಬೆ ಕಡಿದು ನೆಡುವುದನ್ನೂ ಪ್ರಯತ್ನಿಸಿದೆ, ಐದರಲ್ಲಿ ಒಂದೂ ಬರಲಿಲ್ಲ. ಬೀಜ ಇಷ್ಟು ಸಲೀಸಾಗಿರುವಾಗ ಆ ಗೋಜೇ ಬೇಡ.

ಗುಂಡಿ ಮತ್ತು ನಾಟಿ

ಬೇಸಿಗೆಯಲ್ಲೇ ಗುಂಡಿ ತೆಗೆದಿಡಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಮೇಲಿನ ಒಂದಡಿ ಮಣ್ಣು ಒಂದು ಕಡೆ, ಕೆಳಗಿನ ಜಡ್ಡು ಮಣ್ಣು ಇನ್ನೊಂದು ಕಡೆ ಹಾಕಿ. ಗುಂಡಿ ಮೂರು ವಾರ ಬಿಸಿಲು ಕಾಯಲಿ. ಮುಂಗಾರು ಹಿಡಿದ ಮೇಲೆ ಮೇಲ್ಮಣ್ಣಿಗೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಕಲಸಿ ತುಂಬಿ. ಬೇವಿನ ಹಿಂಡಿ ಗೆದ್ದಲಿಗೆ. ನಮ್ಮ ಕಡೆ ಗೆದ್ದಲು ಎಳೇ ಸಸಿಯ ತೊಗಟೆ ಬಿಡುವುದಿಲ್ಲ.

ಮೃಗಶಿರಾ ಮಳೆ ಬಿದ್ದು ನೆಲ ತಣಿದ ಮೇಲೆ, ಆರಿದ್ರಾ ಮುಗಿಯುವುದರೊಳಗೆ ನೆಟ್ಟುಬಿಡಿ. ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರ. ಮೋಡದ ದಿನ ಸಂಜೆ ಆದರೆ ಇನ್ನೂ ಒಳ್ಳೆಯದು. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ತುದಿಯನ್ನಷ್ಟೇ ಕತ್ತರಿಸಿ. ಚೀಲದಲ್ಲಿದ್ದಷ್ಟೇ ಆಳಕ್ಕೆ ನೆಡಿ. ಸಸಿ ಬೀಳಬಾರದು ಅಂತ ಕಾಂಡ ಅರ್ಧಡಿ ಹೂತರೆ ಬುಡ ಕೊಳೆಯುತ್ತದೆ. ಬೀಳದಿರಲು ಒಂದು ಗೂಟ ನೆಟ್ಟು, ಹಳೇ ಪಂಚೆಯ ಚೂರಿನಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿ ಬೇಡ. ಮೇಕೆ ಓಡಾಡುವ ಜಾಗವಾದರೆ ಮುಳ್ಳು ಕಟ್ಟುವುದನ್ನು ಮರೆಯಬೇಡಿ.

ಸುತ್ತ ಎರಡಡಿ ಅಗಲದ ಪಾತಿ ಮಾಡಿ, ತೆಂಗಿನ ಸಿಪ್ಪೆ ಬೋರಲು ಹಾಕಿ ಮುಚ್ಚಿ. ಸಿಪ್ಪೆ ಕಾಂಡಕ್ಕೆ ತಾಗದಿರಲಿ, ಒಂದು ಗೇಣು ಬಿಡಿ.

ಮೊದಲ ಮೂರು ವರ್ಷ

ಇಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಮಳೆ ಇಲ್ಲದ ದಿನಗಳಲ್ಲಿ ಮೊದಲ ವರ್ಷ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಬಿಂದಿಗೆ ನೀರು. ಮಾರ್ಚ್ ಏಪ್ರಿಲ್‌ನಲ್ಲಿ ಇನ್ನೊಂದು ಸಲ ಸೇರಿಸಿ. ತೆಂಗಿಗೆ ಡ್ರಿಪ್ ಇದ್ದರೆ ಒಂದು ನಳಿಕೆ ಇದಕ್ಕೂ ಎಳೆಯಿರಿ. ಎರಡನೇ ವರ್ಷದಿಂದ ನೀರು ಕಮ್ಮಿ ಮಾಡುತ್ತಾ, ಪಾತಿ ಅಗಲ ಮಾಡುತ್ತಾ ಹೋಗಿ. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ ಒಂದು ಮಂಕರಿ ಗೊಬ್ಬರ ಸಾಕು. ಯೂರಿಯಾ ಕೊಟ್ಟು ಓಡಿಸಬೇಡಿ, ಕಾಂಡ ಬಳುಕುತ್ತದೆ.

ಎಳೆ ಚಿಗುರಿಗೆ ಒಮ್ಮೊಮ್ಮೆ ಬಿಳಿ ಹಿಟ್ಟಿನಂಥ ತಿಗಣೆ ಮುತ್ತುತ್ತದೆ. ಜೋರು ನೀರು ಬಿಟ್ಟು ತೊಳೆದು, ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿದರೆ ಹೋಗುತ್ತದೆ. ಕಂಬಳಿಹುಳ ಕಂಡರೆ ಕಡ್ಡಿಯಲ್ಲಿ ತೆಗೆದು ಹಾಕಿ. ಅದಕ್ಕಿಂತ ದೊಡ್ಡ ಔಷಧಿ ನನಗೆ ಬೇಕಾಗಿಲ್ಲ.

ಕೆಳಗಿನ ರೆಂಬೆಗಳನ್ನು ಒಂದೇ ಸಲ ಸವರಬೇಡಿ. ಮರ ಎತ್ತರ ಹೋದ ಹಾಗೆ ವರ್ಷಕ್ಕೆ ಎರಡು ಮೂರು ತೆಗೆದರೆ ಐದಾರು ವರ್ಷಕ್ಕೆ ಎಂಟಡಿ ಬರಿ ಕಾಂಡ ಸಿಗುತ್ತದೆ. ಹೂ ಕಾಣಬೇಕಾದ್ದು ಅಲ್ಲೇ.

ಎಲೆ ಪೂರ್ತಿ ಉದುರಿದರೆ

ಇದೊಂದು ಮೊದಲೇ ಗೊತ್ತಿರಬೇಕು. ಒಂದು ದಿನ ಎಲೆ ಹಳದಿಯಾಗಿ ಉದುರಲು ಶುರುವಾಗುತ್ತದೆ. ನಾಲ್ಕೈದು ದಿನದಲ್ಲಿ ಮರ ಬೋಳು. ನಮ್ಮ ಮನೆಯಾಕೆ "ನೀರು ಬಿಡಿ ಅಂದ್ರೆ ಕೇಳಲಿಲ್ಲ" ಅಂದಳು. ನಾನು ಗಾಬರಿಯಲ್ಲಿ ಮೋಟಾರು ಹಾಕಿ ಪಾತಿ ಕೆರೆ ಮಾಡಿದೆ. ಎರಡೂ ಬೇಕಿರಲಿಲ್ಲ. ಈ ಮರದ ರೀತಿಯೇ ಹಾಗೆ. ವರ್ಷಕ್ಕೆ ಒಂದು ಸಲ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ ಸಲ ಪೂರ್ತಿ ಎಲೆ ಕಳಚುತ್ತದೆ, ಒಂದೆರಡು ವಾರದಲ್ಲಿ ಮತ್ತೆ ತಿಳಿಹಸಿರು ತುಂಬಿಕೊಳ್ಳುತ್ತದೆ. ಸತ್ತಿದೆಯೇನೋ ಅಂತ ಅನುಮಾನ ಬಂದರೆ ಉಗುರಿನಿಂದ ಸಣ್ಣ ರೆಂಬೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಸುಮ್ನಿರಿ. ಉದುರಿದ ಎಲೆ ಗುಡಿಸಿ ಸುಡುವ ಬದಲು ಪಾತಿಗೇ ಹಾಕಿ.

ಕಡ್ಡಿ ಬಂದಾಗ

ಬೀಜದಿಂದ ಬಂದ ಮರ ಹೂ ಬಿಡಲು ಆರೇಳು ವರ್ಷ ಬೇಕು. ಕೆಲವು ಹತ್ತೂ ತಗೊಳ್ಳುತ್ತವೆ. ನಮ್ಮದು 2011ರಲ್ಲಿ ನೆಟ್ಟದ್ದು. ನಾನು ಮಚ್ಚು ಹಿಡಿದದ್ದು 2017ರಲ್ಲಿ, ಹೂ ನೋಡಿದ್ದು 2018ರ ಬೇಸಿಗೆಯಲ್ಲಿ.

ಬರುವುದು ಹೀಗೆ. ಮೊದಲು ತೊಗಟೆಯ ಮೇಲೆ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಉಬ್ಬು ಒಡೆದು ಕಂದು ಬಣ್ಣದ ಒರಟು ಕಡ್ಡಿ ಹೊರಬರುತ್ತದೆ. ಇದರಲ್ಲಿ ಎಲೆ ಬರುವುದೇ ಇಲ್ಲ, ಅದಕ್ಕೇ ಒಣಗಿದ ಹಾಗೆ ಕಾಣುವುದು. ಉಗುರಿನಿಂದ ಒತ್ತಿ ನೋಡಿದರೆ ಒಳಗೆ ಹಸಿ ಇರುತ್ತದೆ. ತುದಿಯಲ್ಲಿ ಸಣ್ಣ ಹಸಿರು ಗುಂಡು ಮೊಗ್ಗು ಕಟ್ಟಲು ಶುರುವಾದ ಮೇಲೆ ಅನುಮಾನ ಉಳಿಯುವುದಿಲ್ಲ. ಕಡ್ಡಿ ಜೋತುಬೀಳುತ್ತಾ, ಉದ್ದವಾಗುತ್ತಾ ಹೋಗುತ್ತದೆ. ಒಂದೇ ಕಡ್ಡಿ ತಿಂಗಳುಗಟ್ಟಲೆ ಹೂ ಬಿಡುತ್ತದೆ. ದೊಡ್ಡ ಮರಗಳಲ್ಲಿ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡು ಕಾಂಡವೇ ಕಾಣದಂತಾಗುತ್ತದೆ.

ಹಾಗಾಗಿ ಐದನೇ ವರ್ಷದಿಂದ ಕಾಂಡಕ್ಕೆ ಮಚ್ಚು ತಾಗಿಸಬೇಡಿ. ಸುಣ್ಣ ಕೆಮ್ಮಣ್ಣು ಬಳಿಯುವುದು, ಮೊಳೆ ಹೊಡೆಯುವುದು, ಸೀರಿಯಲ್ ಲೈಟು ಸುತ್ತುವುದು, ದನ ಕಟ್ಟುವುದು ಎಲ್ಲ ಬೇಡ. ತೋಟಕ್ಕೆ ಹೊಸ ಆಳು ಬಂದರೆ ಮೊದಲ ದಿನವೇ ಮರ ತೋರಿಸಿ ಹೇಳಿ. ನಾನು ಈಗ ಬುಡಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದ್ದೇನೆ. ದೇವರಿಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮಚ್ಚು ಹತ್ತಿರ ಬರುವುದಿಲ್ಲ, ನನಗೆ ಅಷ್ಟು ಸಾಕು.

ಹೂವು, ದುಂಬಿ, ಕಾಯಿ

ಹೂ ಅರಳುವುದು ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ. ಒಂದು ದಿನದ ಆಯುಷ್ಯ, ಮಾರನೇ ದಿನ ಕೆಳಗೆ ಬಿದ್ದಿರುತ್ತದೆ. ಬೇಸಿಗೆಯಿಂದ ಮಳೆಗಾಲದವರೆಗೆ ಜೋರು, ಉಳಿದ ದಿನಗಳಲ್ಲೂ ಅಷ್ಟಿಷ್ಟು ಇರುತ್ತದೆ.

ಬೆಳಿಗ್ಗೆ ಆರಕ್ಕೆ ಒಂದು ಸ್ಟೂಲ್ ಹಾಕಿಕೊಂಡು ಮರದ ಮುಂದೆ ಕೂರಿ. ಹೂವಿನಲ್ಲಿ ಜೇನು ಇಲ್ಲವೇ ಇಲ್ಲ. ದುಂಬಿಗಳು ಬರುವುದು ಪರಾಗ ತಿನ್ನುವುದಕ್ಕೆ. ಹೂವಿನ ಉಪಾಯ ನೋಡಿ: ಹೆಡೆಯ ಕುಚ್ಚಿನಲ್ಲಿರುವುದು ಬರೀ ತಿನ್ನುವ ಪರಾಗ, ಅದರಿಂದ ಕಾಯಿ ಕಟ್ಟುವುದಿಲ್ಲ. ಕಾಯಿ ಕಟ್ಟಿಸುವ ಪರಾಗ ಇರುವುದು ಲಿಂಗದ ಸುತ್ತಿನ ಕುಚ್ಚಿನಲ್ಲಿ. ದೊಡ್ಡ ಕರಿದುಂಬಿ ಹೆಡೆಯೊಳಗೆ ತಲೆ ತೂರಿಸಿ ಮೇಯುತ್ತಿದ್ದರೆ ಅದರ ಬೆನ್ನಿಗೋ ಹೊಟ್ಟೆಗೋ ಇನ್ನೊಂದು ಪರಾಗ ಮೆತ್ತಿಕೊಳ್ಳುತ್ತದೆ. ಅದನ್ನೇ ಹೊತ್ತು ಮುಂದಿನ ಹೂವಿಗೆ ಹಾರುತ್ತದೆ. ಊಟ ಹಾಕಿ ಕೆಲಸ ಮಾಡಿಸಿಕೊಂಡ ಹಾಗೆ, ಅಲ್ವಾ? ದುಂಬಿಗಳು ಇರುವ ಹೊತ್ತಿನಲ್ಲಿ ಆ ಹೂವಿಗೆ ಕೈ ಹಾಕಬೇಡಿ.

ಕಾಯಿಯ ಭಯ ಇರುವವರು ಒಂದು ಕೆಲಸ ಮಾಡಬಹುದು. ಕಾಯಿ ನಿಂಬೆ ಗಾತ್ರ ಇದ್ದಾಗಲೇ ತಿರುವಿ ತೆಗೆದುಬಿಡಿ. ಕೈಗೆಟುಕದ್ದಕ್ಕೆ ದೋಟಿ ಇದೆ. ತಿಂಗಳಿಗೊಮ್ಮೆ ಒಂದು ಸುತ್ತು ಹಾಕಿದರೆ ಆಯಿತು. ಬೀಜಕ್ಕೆ ಬೇಕು ಅಂದರೆ ಕೆಳಗಿನ ಕಡ್ಡಿಯಲ್ಲಿ ಒಂದೆರಡು ಬಿಟ್ಟುಕೊಳ್ಳಿ, ಅವು ಬಿದ್ದರೂ ಎರಡಡಿಯಿಂದ ಬೀಳುತ್ತವೆ. ದೊಡ್ಡದಾದ ಮೇಲೆ ಎತ್ತರದ ಕಾಯಿ ಕೀಳಿಸಲು ಹೋಗಬೇಡಿ, ಕೆಳಗೆ ನಿಂತವರಿಗೆ ಅಪಾಯ. ಮರದ ಸುತ್ತ ಹರಡಿದ ನೆರಳಿನಷ್ಟು ಜಾಗಕ್ಕೆ ಕಲ್ಲು ಜೋಡಿಸಿ ಗುರುತು ಮಾಡಿ, ಅದರೊಳಗೆ ಬೆಂಚು ಹಾಕಬೇಡಿ. ನೆರಳು ಚೆನ್ನಾಗಿದೆ ಅಂತ ಮಧ್ಯಾಹ್ನ ಚಾಪೆ ಹಾಸುವವರು ನಮ್ಮಲ್ಲೂ ಇದ್ದಾರೆ. ನಾಲ್ಕು ಸಲ ಎಬ್ಬಿಸಿ ಕಳಿಸಿದ್ದೇನೆ.

ಬಿದ್ದು ಒಡೆದ ಕಾಯಿಯನ್ನು ಅವತ್ತೇ ಹೂತುಹಾಕಿ. ಇಲ್ಲದಿದ್ದರೆ ಆ ಕಡೆ ಎರಡು ದಿನ ಹೋಗಲಾಗುವುದಿಲ್ಲ. ನಮ್ಮ ಕೋಳಿಗಳು ಮಾತ್ರ ಅದಕ್ಕೆ ಮುತ್ತಿಕೊಂಡು ಕೆರೆಯುತ್ತವೆ. ಇದರ ತವರಿನಲ್ಲೂ ಹಂದಿ ಕೋಳಿಗಳಿಗೆ ಹಾಕುತ್ತಾರಂತೆ, ಒಣಗಿದ ಚಿಪ್ಪನ್ನು ಪಾತ್ರೆಯ ಹಾಗೆ ಬಳಸುತ್ತಾರೆ. ನಾನೂ ಒಂದನ್ನು ಕೆರೆದು ತೊಳೆದು ಮೊಳೆ ಹಾಕಿಡುವ ಬಟ್ಟಲು ಮಾಡಿಕೊಂಡಿದ್ದೇನೆ. ಎರಡು ತಿಂಗಳು ಬಿಸಿಲಿಗಿಟ್ಟ ಮೇಲೆ ಮನೆಯೊಳಗೆ ಬಿಟ್ಟುಕೊಂಡರು.

ಪೂಜೆಗೆ ಹೂ ಕೀಳುವಾಗ ಕಡ್ಡಿ ಹಿಡಿದು ಜಗ್ಗಬೇಡಿ, ಪಕ್ಕದ ಮೊಗ್ಗುಗಳೂ ಕಳಚುತ್ತವೆ. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯಲ್ಲಿ ಹೂವಿನ ತೊಟ್ಟನ್ನಷ್ಟೇ ಚೂರು ತಿರುವಿದರೆ ಬಂದುಬಿಡುತ್ತದೆ. ಇದನ್ನು ಹೇಳಿಕೊಟ್ಟದ್ದೂ ಪೂಜಾರಪ್ಪನೇ. ಈಗ ಸೋಮವಾರ ಸೋಮವಾರ ಅವರು ಐದೂವರೆಗೇ ಬಿದಿರು ಬುಟ್ಟಿ ಹಿಡಿದು ಗೇಟಿನ ಹತ್ತಿರ ಕೆಮ್ಮುತ್ತಾರೆ. ಸೊಂಟದೆತ್ತರದ ಕಡ್ಡಿಗಳು ಅವರ ಪಾಲು. ಬುಟ್ಟಿ ತುಂಬಿದ ಮೇಲೆ ಹೊರಡುವಾಗ ಒಮ್ಮೆ ಕಾಂಡದ ಸುತ್ತ ಕಣ್ಣಾಡಿಸಿ, "ಮಚ್ಚು ಎಲ್ಲಿಟ್ಟಿದೀಯಪ್ಪಾ?" ಅಂತ ಕೇಳಿಯೇ ಹೋಗುವುದು.